ಮೂವತ್ತೆಂಟು ತರಬೇತುದಾರರ ಬಸ್ಸು

ಬಸ್ಸು ಓಡಿಸಲು ಬಾರದವರು ಬಸ್ಸು ಓಡಿಸಬಾರದು. ಬಸ್ಸು ಓಡಿಸದೆ ಬಸ್ಸು ಓಡಿಸಲು ಬರುವುದಿಲ್ಲ. ಈ ಎರಡು ಸತ್ಯಗಳ ನಡುವೆ ಸರಕಾರವು ಆರು ತಿಂಗಳ ಅವಧಿಯೊಂದನ್ನು ಇಟ್ಟಿದ್ದು, ಅದಕ್ಕೆ ಲರ್ನರ್ಸ್ ಎಂದು ಹೆಸರು. ಗಡಿನಾಡಿನ ಮಂಗಲ್ಪಾಡಿ ಪಂಚಾಯತಿನ ಲೋಲಾಕ್ಷಿಯವರು ಈ ಅವಧಿಯಲ್ಲಿ ಈಗ ಐದನೆಯ ವರ್ಷವನ್ನು ಪೂರೈಸುತ್ತಿದ್ದಾರೆ.

ಉಪ್ಪಳದಿಂದ ನೇರಳೆಗುಡ್ಡೆಗೆ ಹೋಗುವ ‘ದೀಕ್ಷಿತಾ’ ಎಂಬ ಖಾಸಗಿ ಬಸ್ಸಿನಲ್ಲಿ ಲೋಲಾಕ್ಷಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದರು. ಮಾಲೀಕರಾದ ಜಯಪಾಲರು ಬಸ್ಸಿಗೆ ಮಗಳ ಹೆಸರನ್ನು ಇಟ್ಟಿದ್ದರು. ಮಗಳು ಆ ಬಸ್ಸು ಹತ್ತಿದ ಬಗ್ಗೆ ದಾಖಲೆ ಇಲ್ಲ. ಡ್ರೈವರ್ ಬಟ್ಯಣ್ಣ. ಅರವತ್ತೊಂದನೆಯ ವಯಸ್ಸಿನಲ್ಲಿ ಬಟ್ಯಣ್ಣನ ಎಡಮೊಣಕಾಲು ಕ್ಲಚ್ ಒತ್ತಲು ಒಪ್ಪದೆ ಹೋಯಿತು. ಬೇರೆ ಡ್ರೈವರನ್ನು ಹುಡುಕಲಾಗಿ, ಊರಿನ ಒಳ್ಳೆಯ ಡ್ರೈವರುಗಳೆಲ್ಲ ಗಲ್ಫಿನಲ್ಲಿ ಬಸ್ಸು ಓಡಿಸುತ್ತಿದ್ದಾರೆಂದೂ, ಅಷ್ಟು ಒಳ್ಳೆಯವರಲ್ಲದವರು ಅಲ್ಲಿಯೇ ಲಾರಿ ಓಡಿಸುತ್ತಿದ್ದಾರೆಂದೂ ತಿಳಿದುಬಂತು.

“ಹದಿನೈದು ದಿವಸ ಬಸ್ಸು ಓಡದಿದ್ದರೆ ಪರ್ಮಿಟ್ ಹೋಗ್ತದೆ,” ಎಂದರು ಜಯಪಾಲರು.

“ನಾನು ಓಡಿಸ್ತೇನೆ,” ಎಂದರು ಲೋಲಾಕ್ಷಿ.

ಸಣ್ಣ ವಾಹನದ ಲೈಸನ್ಸ್ ಅವರಲ್ಲಿ ಮೊದಲೇ ಇತ್ತು. ಸಂಜೆ ಬಸ್ಸನ್ನು ತೊಳೆಯುವಲ್ಲಿಗೆ ಕೊಂಡುಹೋಗುತ್ತಿದ್ದವರೂ ಅವರೇ. ಇದು ಎಲ್ಲರಿಗೂ ಗೊತ್ತಿದ್ದ ಕಾರಣ ಯಾರೂ ನೋಡಿರಲಿಲ್ಲ. ಹನ್ನೊಂದು ವರ್ಷ ರಸ್ತೆಯನ್ನು ಹಿಂದಿನ ಬಾಗಿಲಿನಿಂದ ಕಂಡ ಅವರಿಗೆ ಒಮ್ಮೆ ನೇರಳೆಗುಡ್ಡೆಯವರೆಗೂ ಅದನ್ನು ಮುಂದಿನ ಗಾಜಿನಿಂದ ಕಾಣಬೇಕೆಂಬ ಆಸೆ ಇತ್ತು. ಇದನ್ನು ಅವರು ಯಾರಲ್ಲೂ ಹೇಳಿರಲಿಲ್ಲ.

ಪೂರ್ಣ ಲೈಸನ್ಸ್ ಸಿಕ್ಕಿದ ದಿನದಿಂದ ಡ್ರೈವರನ ಸಂಬಳ, ಅಲ್ಲಿಯವರೆಗೆ ಕಂಡಕ್ಟರಿನ ಸಂಬಳ ಎಂದು ಜಯಪಾಲರು ತೀರ್ಮಾನಿಸಿದರು. ಕಲಿಯುವವರಿಗೆ ಸಂಬಳ ಕೊಡುವ ಶಾಲೆ ಲೋಕದಲ್ಲಿ ಬೇರೆಲ್ಲಿ ಉಂಟು ಎಂದು ಅವರು ಕೇಳಿದರು. ಲೋಲಾಕ್ಷಿಗೆ ಗೊತ್ತಿರಲಿಲ್ಲ.

ಕಂಪ್ಯೂಟರಿನ ಪರೀಕ್ಷೆಯನ್ನು ಅವರು ಕನ್ನಡದಲ್ಲಿ ಬರೆದು ಪಾಸಾದರು. ಲರ್ನರ್ಸ್ ಬಂತು. ಅದರ ಜೊತೆಗಿದ್ದ ಕಾಗದದಲ್ಲಿ ಒಂದು ನಿಬಂಧನೆ ಇತ್ತು: “ಕಲಿಯುವ ಅವಧಿಯಲ್ಲಿ ವಾಹನದೊಳಗೆ ತರಬೇತುದಾರರ ಹೊರತು ಬೇರೆ ಯಾರೂ ಇರಕೂಡದು.” ಅಂದರೆ ಪ್ರಯಾಣಿಕರು ಇರಕೂಡದು. ಪ್ರಯಾಣಿಕರು ಇಲ್ಲದೆ ಓಡಿದರೆ ಅದು ಓಡಿದ ಲೆಕ್ಕವಲ್ಲ. ಓಡದಿದ್ದರೆ ಪರ್ಮಿಟ್ ಇಲ್ಲ. ಲೋಲಾಕ್ಷಿ ಕಾಗದ ಹಿಡಿದು ಸಾರಿಗೆ ಕಚೇರಿಗೆ ಹೋದರು. ಅಲ್ಲಿ ಕನ್ನಡ ಕಾಗದಗಳನ್ನು ನೋಡಿಕೊಳ್ಳುವ ಗುಮಾಸ್ತ ಶಿವಸುಬ್ರಹ್ಮಣ್ಯರು ನಿಬಂಧನೆಯನ್ನು ಎರಡು ಸಲ ಓದಿದರು.

“ಇದು ಬಹುವಚನ. ತರಬೇತುದಾರ ಅಲ್ಲ, ತರಬೇತುದಾರರು.”

“ಅದು ಮರ್ಯಾದೆಗೆ ಸಾರ್. ಕಲಿಸುವುದು ಬಟ್ಯಣ್ಣ ಒಬ್ಬರೇ.”

“ಅಮ್ಮ, ನಾನು ಇಪ್ಪತ್ತಾರು ವರ್ಷ ಸರ್ವೀಸಿನಲ್ಲಿದ್ದೇನೆ. ಸರಕಾರದ ಕಾಗದ ಯಾರಿಗಾದರೂ ಮರ್ಯಾದೆ ಕೊಟ್ಟದ್ದು ನಾನು ನೋಡಿಲ್ಲ. ಆದ್ದರಿಂದ ಇದು ಸಂಖ್ಯೆಯೇ. ಬಸ್ಸಿನಲ್ಲಿ ಸೀಟು ಎಷ್ಟುಂಟು?”

“ಮೂವತ್ತೆಂಟು.”

“ಹಾಗಾದರೆ ಮೂವತ್ತೆಂಟು ತರಬೇತುದಾರರು. ನಿಂತುಕೊಂಡು ತರಬೇತಿ ಕೊಡುವ ಹಾಗಿಲ್ಲ.”

“ಅವರಿಗೆಲ್ಲ ಬಸ್ಸು ಓಡಿಸಲಿಕ್ಕೆ ಗೊತ್ತಿರಬೇಡವೇ ಸಾರ್?”

“ಬಸ್ಸಿನಲ್ಲಿ ಕೂತವರಲ್ಲಿ ಬಸ್ಸು ಓಡಿಸುವ ಕ್ರಮ ಗೊತ್ತಿಲ್ಲದವರು ಯಾರಿದ್ದಾರೆ, ಹೇಳಿ.”

ಲೋಲಾಕ್ಷಿ ತಮ್ಮ ಹನ್ನೊಂದು ವರ್ಷಗಳನ್ನು ನೆನಪು ಮಾಡಿಕೊಂಡರು. ಒಬ್ಬರ ಹೆಸರೂ ಸಿಗಲಿಲ್ಲ.

ಮರುದಿನ ಉಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಪ್ರಕಟಣೆ ಅಂಟಿಸಲಾಯಿತು. “ದೀಕ್ಷಿತಾ ಬಸ್ಸಿಗೆ ಪ್ರಯಾಣಿಕರು ಹತ್ತಕೂಡದು. ತರಬೇತುದಾರರು ಮಾತ್ರ ಹತ್ತತಕ್ಕದ್ದು. ತರಬೇತುದಾರರು ಸರಿಯಾದ ಚಿಲ್ಲರೆ ತರತಕ್ಕದ್ದು. ಶಾಲಾ ಮಕ್ಕಳಾದ ತರಬೇತುದಾರರಿಗೆ ಎಂದಿನಂತೆ ರಿಯಾಯಿತಿ.” ಹತ್ತುವವರು ಒಂದು ಫಾರಮಿಗೆ ಸಹಿ ಹಾಕಿದರೆ ಮುಗಿಯಿತು. ಮುಂದೆಯೂ ಹಿಂದೆಯೂ ಎಲ್ ಬೋರ್ಡು ಬಂತು. ಬಟ್ಯಣ್ಣ ಬೊನೆಟ್ಟಿನ ಪಕ್ಕ ಕುಳಿತು ತರಬೇತುದಾರರಿಗೆ ಟಿಕೆಟು ಹರಿದುಕೊಟ್ಟರು.

ಮೊದಲ ವಾರ ಎಲ್ಲವೂ ಮೊದಲಿನಂತೆಯೇ ಇತ್ತು. ಎರಡನೆಯ ಸೋಮವಾರ, ಮಿಲ್ಲಿನ ಸ್ಟಾಪು ದಾಟಿದ ಮೇಲೆ, ಮೂರನೆಯ ಸೀಟಿನಿಂದ ಮನೋರಮಾ ಟೀಚರ್ ಹೇಳಿದರು: “ಲೋಲಾಕ್ಷೀ, ಇಳಿಜಾರಿನಲ್ಲಿ ನಿಲ್ಲಿಸುವ ಅಭ್ಯಾಸ ನಿನಗೆ ಸ್ವಲ್ಪ ಕಮ್ಮಿ. ಅಲ್ಲಿ ಆ ನೀಲಿ ಗೇಟಿನ ಎದುರು ಒಮ್ಮೆ ನಿಲ್ಲಿಸು, ನೋಡುವ.”

ಲೋಲಾಕ್ಷಿ ಬಟ್ಯಣ್ಣನ ಮುಖ ನೋಡಿದರು. ಬಟ್ಯಣ್ಣ ಫಾರಮು ತೆಗೆದು ನೋಡಿದರು. ಸಹಿ ಇತ್ತು.

“ತರಬೇತುದಾರರು ಹೇಳಿದ ಮೇಲೆ ನಿಲ್ಲಿಸಬೇಕು,” ಎಂದರು ಬಟ್ಯಣ್ಣ.

ಬಸ್ಸು ನಿಂತಿತು. ಟೀಚರ್ ಇಳಿದು ನೀಲಿ ಗೇಟು ತೆಗೆದು ತಮ್ಮ ಮನೆಗೆ ಹೋದರು.

ಆ ಮೇಲೆ ತರಬೇತಿ ಚುರುಕಾಯಿತು. ವಿಲ್ಲೇಜ್ ಆಫೀಸಿನಿಂದ ನಿವೃತ್ತರಾದ ವೆಂಕಟಕೃಷ್ಣರು, ಬಸ್ಸು ರಿವರ್ಸ್ ತೆಗೆಯಲು ಬಾರದವರು ಡ್ರೈವರೇ ಅಲ್ಲ ಎಂದು ಹೇಳಿ, ತಮ್ಮ ಮನೆಯ ಓಣಿಯೊಳಗೆ ದನದ ಹಿಂಡಿಯ ಚೀಲದ ಸಮೇತ ರಿವರ್ಸ್ ತೆಗೆಸಿದರು. ಕುಂಞ ಎಂಬವರು, ಇಂಜಿನ್ ಬಂದ್ ಮಾಡದೆ ತಾಳ್ಮೆಯಿಂದ ಕಾಯುವುದನ್ನು ಕಲಿಸುವುದಕ್ಕಾಗಿ, ತಾವು ಬಂಗುಡೆ ಆರಿಸಿ, ಕೊಯ್ಯಿಸಿ ತರುವವರೆಗೆ ಬಸ್ಸನ್ನು ಮೀನು ಮಾರ್ಕೆಟಿನ ಎದುರು ನಿಲ್ಲಿಸಿದರು. ನಲವತ್ತು ನಿಮಿಷದ ದಾರಿ ಎರಡು ಗಂಟೆಯ ಪಾಠವಾಯಿತು. ಯಾರೂ ದೂರು ಕೊಡಲಿಲ್ಲ. ಪ್ರತಿಯೊಬ್ಬರಿಗೂ ತಮ್ಮ ಪಾಠದ ಸರದಿ ಬರುವುದಿತ್ತು.

ಆರು ತಿಂಗಳಾಯಿತು. ಟೆಸ್ಟಿಗೆ ಹೋಗುವ ಮೊದಲು ತರಬೇತುದಾರರೆಲ್ಲರ ಸಹಿ ಬೇಕೆಂದು ಶಿವಸುಬ್ರಹ್ಮಣ್ಯರು ತಿಳಿಸಿದರು. ಲೋಲಾಕ್ಷಿ ಉಪ್ಪಳದಲ್ಲಿ ಒಂದು ಖಾಕಿ ಅಂಗಿ ಹೊಲಿಸಿಕೊಂಡರು. “ಇವರು ಸಾಕಷ್ಟು ಕಲಿತಿರುತ್ತಾರೆ” ಎಂದು ಬರೆದ ಕಾಗದವನ್ನು ಬಸ್ಸಿನೊಳಗೆ ದಾಟಿಸಿದರು. ಬಟ್ಯಣ್ಣ ಮೊದಲು ಸಹಿ ಹಾಕಿದರು. ಕಾಗದ ಹಿಂದಿನ ಸೀಟಿನವರೆಗೆ ಹೋಗಿ ಹಾಗೆಯೇ ತಿರುಗಿ ಬಂತು.

“ನಿನ್ನ ಮೇಲೆ ಪ್ರೀತಿ ಇಲ್ಲ ಅಂತಲ್ಲ,” ಎಂದರು ಮನೋರಮಾ ಟೀಚರ್. “ಒಂದು ಮಳೆಗಾಲ ಕಳೆಯಲಿ. ನನ್ನ ಗೇಟಿನ ಹತ್ತಿರ ಮಳೆಯಲ್ಲಿ ನಿಲ್ಲಿಸಿ ನಿನಗೆ ಅಭ್ಯಾಸವೇ ಆಗಲಿಲ್ಲ.”

“ಲೈಸನ್ಸ್ ಸಿಕ್ಕಿದ ಮೇಲೂ ನಿಲ್ಲಿಸ್ತೇನೆ ಟೀಚರ್.”

“ಅದು ಹೇಗೆ ಆಗ್ತದೆ ಮಾರಾಯ್ತಿ? ಲೈಸನ್ಸ್ ಇದ್ದವರು ಸ್ಟಾಪಿನಲ್ಲಿ ಮಾತ್ರ ನಿಲ್ಲಿಸಬೇಕು. ಕಾನೂನು ಉಂಟಲ್ಲ.”

ಮರುದಿನ ಬೆಳಿಗ್ಗೆ ಲೋಲಾಕ್ಷಿ ಸಮಯಕ್ಕೆ ಸರಿಯಾಗಿ ಬಸ್ಸು ಹೊರಡಿಸಿದರು. ಹೇಳಿದಲ್ಲಿ ನಿಲ್ಲಿಸಲಿಲ್ಲ; ಸ್ಟಾಪುಗಳಲ್ಲಿ ಮಾತ್ರ ನಿಲ್ಲಿಸಿದರು. ಚಡಾವಿನ ಏರಿನಲ್ಲಿ ಗೇರು ಬದಲಾದದ್ದು ಯಾರಿಗೂ ಗೊತ್ತಾಗಲಿಲ್ಲ. ಬಸ್ಸು ಮೂವತ್ತೊಂಬತ್ತು ನಿಮಿಷಗಳಲ್ಲಿ ನೇರಳೆಗುಡ್ಡೆ ತಲುಪಿತು.

“ನಾನು ಸಹ ಇಷ್ಟು ಚೆಂದ ಓಡಿಸಿದ್ದಿಲ್ಲ,” ಎಂದರು ಬಟ್ಯಣ್ಣ, ಮೊಣಕಾಲು ನೀವಿಕೊಳ್ಳುತ್ತ.

ಉಳಿದ ಮೂವತ್ತೇಳು ತರಬೇತುದಾರರು ಗೂಡಂಗಡಿಯ ಎದುರು ಸಭೆ ಸೇರಿ, ಕಲಿಯುವವರು ಹೇಳಿದ ಮಾತು ಕೇಳುತ್ತಿಲ್ಲವಾದ್ದರಿಂದ ಅವಧಿಯನ್ನು ವಿಸ್ತರಿಸಬೇಕೆಂದು ಠರಾವು ಮಾಡಿದರು. ವೆಂಕಟಕೃಷ್ಣರು ಅದನ್ನು ಶುದ್ಧ ಭಾಷೆಯಲ್ಲಿ ಬರೆದು ಕಚೇರಿಗೆ ಕಳಿಸಿದರು.

“ಮೂವತ್ತೇಳು ಜನ ನಿಮಗೆ ಓಡಿಸಲಿಕ್ಕೆ ಬರುವುದಿಲ್ಲ ಅಂತಾರೆ,” ಎಂದರು ಶಿವಸುಬ್ರಹ್ಮಣ್ಯರು, ಕಚೇರಿಗೆ ಬಂದ ಲೋಲಾಕ್ಷಿಯೊಡನೆ. “ಬರುತ್ತದೆ ಅಂತ ಕಚೇರಿ ಹೇಗೆ ಹೇಳುವುದು?”

“ನೀವು ಒಂದು ಸಲ ಬಂದು ಕೂತು ನೋಡಿ ಸಾರ್.”

“ಬರಬಹುದಿತ್ತು. ಮತ್ತೆ ನಾನೂ ತರಬೇತುದಾರ ಆಗ್ತೇನೆ. ನನ್ನ ಮನೆ ಸ್ಟಾಪಿನಿಂದ ಸ್ವಲ್ಪ ಒಳಗೆ.”

ಹೊಸ ಫೀಸು ಕಟ್ಟಿ ಹೊಸ ಲರ್ನರ್ಸ್ ತೆಗೆದುಕೊಳ್ಳಲಾಯಿತು. ಗಡಿಬಿಡಿಯಲ್ಲಿ ಕಲಿತ ವಿದ್ಯೆ ನಿಲ್ಲುವುದಿಲ್ಲ ಎಂದು ಜಯಪಾಲರು ಸಮಾಧಾನ ಹೇಳಿ, ಕಂಡಕ್ಟರಿನ ಸಂಬಳವನ್ನು ಮುಂದುವರಿಸಿದರು. ಲೋಲಾಕ್ಷಿ ಖಾಕಿ ಅಂಗಿಯನ್ನು ಬಟ್ಯಣ್ಣನಿಗೆ ಕೊಟ್ಟರು. ಭುಜದಲ್ಲಿ ಸ್ವಲ್ಪ ಬಿಗಿ.

ಈ ಪದ್ಧತಿಯ ಅನುಕೂಲಗಳನ್ನು ಕಂಡು ಬೇರೆ ಮಾಲೀಕರೂ ಅದನ್ನು ಸ್ವೀಕರಿಸಿದರು. ಈಗ ಆ ಭಾಗದಲ್ಲಿ ಹದಿನಾಲ್ಕು ಬಸ್ಸುಗಳಲ್ಲಿ ತರಬೇತಿ ನಡೆಯುತ್ತಿದೆ. ಪೂರ್ಣ ಲೈಸನ್ಸಿನ ಡ್ರೈವರ್ ಇರುವ ಒಂದು ಬಸ್ಸು ಉಂಟು. ಅದು ಕಂಡಕಂಡಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅದಕ್ಕೆ ಜನ ಹತ್ತುವುದಿಲ್ಲ.

ಕಳೆದ ತಿಂಗಳು ಲೋಲಾಕ್ಷಿ ನಾಲ್ಕು ದಿನ ರಜೆ ಹಾಕಿ ಅಡೂರಿನ ಅಕ್ಕನ ಮನೆಗೆ ಹೊರಟರು. ಕೈಯಲ್ಲಿ ಎರಡು ಭಾರದ ಚೀಲಗಳಿದ್ದವು. ಅಡೂರಿನ ಬಸ್ಸನ್ನು ಓಡಿಸುತ್ತಿದ್ದವಳು ನಮಿತಾ ಎಂಬ ಹುಡುಗಿ, ಲರ್ನರ್ಸ್ ಸಿಕ್ಕಿ ಎರಡು ವರ್ಷವಾದವಳು. ಲೋಲಾಕ್ಷಿ ಫಾರಮಿಗೆ ಸಹಿ ಹಾಕಿ ಮುಂದಿನ ಸೀಟಿನಲ್ಲಿ ಕುಳಿತರು. ಒಂದು ಸ್ಟಾಪಿನಲ್ಲಿ ನಿಂತಾಗ ನಮಿತಾ ತಿರುಗಿ, ಮಡಚಿ ಮಡಚಿ ಮೆತ್ತಗಾದ ಸಹಿಯ ಕಾಗದವೊಂದನ್ನು ನೀಡಿದಳು.

“ಅಕ್ಕ, ಬೇರೆಯವರು ಬಿಡಿ. ನಿಮಗಾದರೂ ಗೊತ್ತಾಗ್ತದಲ್ಲ.”

ಲೋಲಾಕ್ಷಿ ಕಾಗದವನ್ನು ಪೂರ್ತಿ ಓದಿದರು. ಪೆನ್ನು ತೆಗೆದರು. ಹುಡುಗಿ ತಿರುವಿನಲ್ಲಿ ಬಸ್ಸನ್ನು ಹಿಡಿದ ರೀತಿ ಅವರಿಗೆ ಬಹಳ ಹಿಡಿಸಿತ್ತು. ಅಷ್ಟರಲ್ಲಿ ಅಕ್ಕನ ಮನೆಯ ಹತ್ತಿರದ ಸ್ಟಾಪು ಬಂತು. ಅಲ್ಲಿಂದ ಮನೆಗೆ ಅರ್ಧ ಕಿಲೋಮೀಟರ್ ಏರು.

“ಚೆನ್ನಾಗಿ ಓಡಿಸ್ತಿ ಮಗಾ,” ಎಂದರು ಲೋಲಾಕ್ಷಿ. “ಸ್ವಲ್ಪ ಮುಂದೆ ಹೋಗಿ, ಆ ಹಲಸಿನ ಮರದ ಬುಡದಲ್ಲಿ ಒಮ್ಮೆ ನಿಲ್ಲಿಸು.”

ನಮಿತಾ ನಿಲ್ಲಿಸಿದಳು. ಚೀಲದೊಳಗಿನ ಸ್ಟೀಲ್ ಪಾತ್ರೆ ಕೂಡ ಸದ್ದು ಮಾಡಲಿಲ್ಲ.

ಲೋಲಾಕ್ಷಿ ಚೀಲಗಳನ್ನು ಇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ, ಕಾಗದವನ್ನು ಹಾಗೆಯೇ ಕಿಟಕಿಯಿಂದ ಹಿಂದೆ ಕೊಟ್ಟರು.

“ಬ್ರೇಕು ಒಂದು ಚೂರು ಬೇಗ ಹಿಡಿದೆ. ಆದಿತ್ಯವಾರ ನಾನು ತಿರುಗಿ ಹೋಗುವಾಗ ಇಲ್ಲಿಯೇ ಇನ್ನೊಮ್ಮೆ ನಿಲ್ಲಿಸು, ನೋಡುವ.”

“ಆಯ್ತು ಅಕ್ಕ,” ಎಂದಳು ನಮಿತಾ. “ಎಷ್ಟು ಗಂಟೆಗೆ?”