ಬೀಗರು ಬರುವ ದಿಕ್ಕಿಗೆ ಆಂಟೆನಾ

“ಸಿಮಿಯುವಿನ ಅಪ್ಪಾ, ಎಂಟು ಕಡ್ಡಿಯದು ಸಾಕು ಅಂತ ಬಡ್ಕೋತಿದೀನಿ. ನೀವು ಇಪ್ಪತ್ತು ಕಡ್ಡಿಯದನ್ನೇ ತಬ್ಕೊಂಡಿದೀರಿ” ಅಂದಳು ನೆಕೆಸಾ.

ಬುಂಗೊಮಾ ಪೇಟೆಯ ವನ್ಯಾಮಾನ ಅಂಗಡಿಯಲ್ಲಿ ಅವಳ ಗಂಡ ಸಿಕುಕು ನಿಜವಾಗಿಯೂ ಆಂಟೆನಾ ತಬ್ಬಿಕೊಂಡು ನಿಂತಿದ್ದ. ಮಗ ಸಿಮಿಯುವಿಗೆ ನೋಡಿರುವ ಹುಡುಗಿಯ ಕಡೆಯವರು ಶನಿವಾರ ಮನೆ ನೋಡಲು ಬರುತ್ತಾರೆ. ಹುಡುಗಿಗೆ ತೆರವಾಗಿ ಗಂಡಿನವರು ಎಷ್ಟು ಹೋರಿ ಕೊಡಬೇಕೆಂದು ಅಂದೇ ಹೇಳಿ ಹೋಗುತ್ತಾರೆ. ನಮ್ಮ ಬೀಗರೇ ಹಾಗೆ, ಬಾಯಿ ಉಗಾಲಿ ಮುದ್ದೆ ನುಂಗುತ್ತಿದ್ದರೂ ಕಣ್ಣು ಸೂರನ್ನು ಅಳೆಯುತ್ತಿರುತ್ತದೆ.

ಸಿಕುಕು: ಚಿಕ್ಕದು ಹಾಕಿದ್ರೆ ಗತಿಗೆಟ್ಟವರು ಅಂತ ಹುಡುಗೀನೇ ಕೊಡಲ್ಲ.

ನೆಕೆಸಾ: ದೊಡ್ಡದು ಹಾಕಿದ್ರೆ ಹತ್ತು ಹೋರಿ ಕೇಳೋರು ಹದಿನೈದು ಕೇಳ್ತಾರೆ. ನಮ್ಮ ಹತ್ರ ಇರೋದೇ ಒಂಬತ್ತು.

ವನ್ಯಾಮಾ: ಅದಿರಲಿ, ಟಿವಿ ಟವರ್ ಇರೋ ಗುಡ್ಡ ನಿಮ್ಮನೆಗೆ ಯಾವ ಕಡೆ?

ಸಿಕುಕು: ಹಿತ್ತಲ ಕಡೆ. ನೀನು ಮಾತ್ರ ರಸ್ತೆಗೆ ಮುಖ ಮಾಡಿ ಕೂರಿಸಪ್ಪ. ಬೀಗರು ಬರೋದು ಅಲ್ಲಿಂದ.

ವನ್ಯಾಮಾ: ಹಾಗೆ ಕೂರಿಸಿದ್ರೆ ಒಂದು ಚಾನೆಲ್ಲೂ ಬರಲ್ಲ ಯಜಮಾನ್ರೇ.

ಸಿಕುಕು: ಬೀಗರು ಬರ್ತಾರಲ್ಲ, ಸಾಕು.

ಗುಡ್ಡ ಇಷ್ಟು ಹತ್ತಿರ ಇರುವಾಗ ಸಣ್ಣದೇ ಸಾಕು, ಇಪ್ಪತ್ತು ಕಡ್ಡಿಯದು ದೂರದ ಹಳ್ಳಿಗಳಿಗೆ ಎಂದು ವನ್ಯಾಮಾ ಬಿಡಿಸಿ ಹೇಳಿದ. ಸಿಕುಕು ಭಾನುವಾರದ ಪ್ರವಚನ ಕೇಳುವವನಂತೆ ತಲೆಯಾಡಿಸಿ, ತುದಿಯಲ್ಲಿ ಕೆಂಪು ದೀಪ ಇರುವುದು ಸಿಗುತ್ತದೆಯೇ ಎಂದು ಕೇಳಿದ. ವನ್ಯಾಮಾ ಕೈಚೆಲ್ಲಿ, ಮನೆಯಲ್ಲಿರುವ ಟಿವಿ ಯಾವುದು ಎಂದ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ನೆಕೆಸಾ: ಹೋದ ತಿಂಗಳೇ ಮಾರಿದ್ವಿ. ಒಂಬತ್ತನೇ ಹೋರಿ ಅದರಿಂದಲೇ ಬಂದಿದ್ದು.

ಸಿಕುಕು: ಯಾರಾದ್ರೂ ಟಿವಿ ಹಾಕಿ ಅಂದ್ರೆ ಕರೆಂಟ್ ಹೋಗಿದೆ ಅಂತೀನಿ. ಈ ಊರಲ್ಲಿ ಆ ಮಾತನ್ನ ಯಾರೂ ಅನುಮಾನಿಸಲ್ಲ.

ನೆಕೆಸಾ: ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.

ಹುಡುಗಿ ಯಾರ ಮಗಳೆಂದು ವನ್ಯಾಮಾ ವಿಚಾರಿಸಿದ. ಚ್ವೆಲೆ ಊರಿನ ಖಿಸಾ ಅವರ ಮಗಳು ಎಂದು ಸಿಕುಕು ಎದೆಯುಬ್ಬಿಸಿ ಹೇಳಿದ. ವನ್ಯಾಮಾನಿಗೆ ನಗು ತಡೆಯಲಾಗಲಿಲ್ಲ.

ವನ್ಯಾಮಾ: ಖಿಸಾ ನಿನ್ನೆ ಬಂದು ಇಪ್ಪತ್ತು ಕಡ್ಡಿಯದನ್ನೇ ಒಯ್ದ. ಗಂಡಿನವರು ಅದನ್ನ ನೋಡಿದ್ರೆ ಹೋರಿ ಕಮ್ಮಿ ಮಾಡಿ ಅಂತ ಬಾಯಿ ಬಿಡಲ್ಲ ಅಂದ. ಅವನ ಮನೇಲೂ ಟಿವಿ ಇಲ್ಲ. ನಿಮ್ಮ ಹೋರಿ ಬಂದ ಮೇಲೆ ಒಂದನ್ನ ಮಾರಿ ತಗೋತಾನಂತೆ.

ಸಿಕುಕು ಮೆಲ್ಲಗೆ ಆಂಟೆನಾ ಕೆಳಗಿಟ್ಟ. ನೆಕೆಸಾಳ ಮುಖ ಅರಳಿತು.

ನೆಕೆಸಾ: ನಡೀರಿ ಮನೆಗೆ, ಯಾವುದೂ ಬೇಡ. ಆಂಟೆನಾ ಏರಿಸಿ ಟಿವಿಗೆ ಕಾಯ್ತಾ ಕೂತಿರೋನು ಹುಡುಗಿ ಕೊಡಲ್ಲ ಅಂತಾನಾ? ಏಳು ಹೋರಿಗೇ ಒಪ್ತಾನೆ.