ಹದಿನೈದು ಹೆಜ್ಜೆ, ಎಪ್ಪತ್ತು ನಿಮಿಷ

ಮಲಗುವ ಕೋಣೆಯ ಕಂಪ್ಯೂಟರಿನಿಂದ ನಡುಮನೆಯ ಕಂಪ್ಯೂಟರಿಗೆ ಹದಿನೈದು ಹೆಜ್ಜೆ. ಅಷ್ಟು ದೂರ ಬರಲು ನಕ್ಷೆಗೆ ಇನ್ನೂ ಎಪ್ಪತ್ತು ನಿಮಿಷ ಬೇಕಂತೆ. ಪರದೆಯೇ ಹಾಗೆ ಹೇಳುತ್ತಿತ್ತು. ನಕ್ಷೆಗಾರ ಗಡಿಯಾರ ನೋಡಿದ; ಆಗಲೇ ಮೂರು ಗಂಟೆ.

ಬಸ್ ಕಂಪನಿಯಲ್ಲಿ ಎರಡು ವರ್ಷದಿಂದ ಅವನದು ಹಂಗಾಮಿ ಕೆಲಸ. ಹೊಸ ಬಸ್ ಮಾರ್ಗಗಳ ನಕ್ಷೆಯನ್ನು ಇಂದು ನಾಲ್ಕು ಗಂಟೆಗೆ ಮ್ಯಾನೇಜರಿಗೆ ತೋರಿಸಿದರೆ ಕೆಲಸ ಕಾಯಂ. ನಕ್ಷೆ ಇದ್ದದ್ದು ಒಳಗಿನ ಕಂಪ್ಯೂಟರಿನಲ್ಲಿ; ವಿಡಿಯೋ ಮೀಟಿಂಗಿಗೆ ಬೇಕಾದ ಕ್ಯಾಮೆರಾ ನಡುಮನೆಯದರಲ್ಲಿ. ಪೆನ್‌ಡ್ರೈವ್ ಒಂದಿತ್ತು. ಎದುರುಮನೆಯ ಟೈಲರಮ್ಮ ಕೇಳಿದಾಗ "ಆಯ್ತಾಯ್ತು" ಎಂದು ಕೊಟ್ಟಿದ್ದ. ಅದೀಗ ಆಕೆಯ ತಂಗಿಯ ಮನೆಯಲ್ಲಿ ಹಾಯಾಗಿತ್ತು. ಇಲ್ಲ ಎನ್ನಲು ಬಾರದ ಆಸಾಮಿ. ಯಾರು ಏನು ಕೇಳಿದರೂ ಬಾಯಿಂದ ಬರುವುದು ಅದೊಂದೇ ಮಾತು.

"ರೀ, ಮೇಲಿನ ಮನೆ ರೇಡಿಯೋ ಮಾಮನ್ನ ಕರೀಲಾ?" ಎಂದಳು ಹೆಂಡತಿ.

"ಆಯ್ತಾಯ್ತು."

ಒಂದು ಕಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಮಾಮ ಫೋನು ಹಿಡಿದೇ ಬಂದರು. "ಬೀರು ಅಡ್ಡ ಇದೆ ಕಣಯ್ಯಾ. ಕಬ್ಬಿಣ ವೈಫೈ ಅಲೆಗಳನ್ನ ನುಂಗತ್ತೆ!"

ಬೀರು ಸರಿಸಿದ ಸದ್ದಿಗೆ ಟೈಲರಮ್ಮ ಓಡಿ ಬಂದರು. ನೀರೂ ಅಲೆ ಕುಡಿಯುತ್ತದೆಂದು ಫೋನಿನಲ್ಲಿ ವಿಡಿಯೋ ತೋರಿಸಿ ಮೀನಿನ ತೊಟ್ಟಿಯನ್ನು ಬಚ್ಚಲಿಗೆ ಸಾಗಿಸಿದರು. ಅರ್ಧ ನೀರು ನಕ್ಷೆಗಾರನ ಪ್ಯಾಂಟಿನ ಮೇಲೆ. ಎಪ್ಪತ್ತು ನಿಮಿಷ ತೊಂಬತ್ತಾಯಿತು. ಕೆಳಮನೆಯ ಡ್ರಿಲ್ ಮೇಷ್ಟ್ರು ಬಂದವರೇ ಸ್ಟೂಲು ಹತ್ತಿ, ಒಂದು ಕೈಯಲ್ಲಿ ರೂಟರ್ ಎತ್ತಿ ಹಿಡಿದು, ಇನ್ನೊಂದರಲ್ಲಿ ಕಬಡ್ಡಿ ಪಂದ್ಯ ನೋಡತೊಡಗಿದರು. ನೂರಮೂವತ್ತು ನಿಮಿಷ!

ಗಂಟೆ ಮೂರೂವರೆ. ಜನ ಬಂದಷ್ಟೂ ನಿಮಿಷ ಏರುವುದನ್ನು ನಕ್ಷೆಗಾರ ಆಗಲೇ ಗಮನಿಸಿದ್ದು.

"ಮಾಮ, ನಿಮ್ಮ ಫೋನಿಗೆ ಯಾವ ವೈಫೈ?"

"ನಿಂದೇ!"

"ಪಾಸ್‌ವರ್ಡ್ ಯಾರು ಕೊಟ್ರು?"

"ನೀನೇ ಕಣಯ್ಯಾ! ಮೆಟ್ಟಿಲ ಮೇಲೆ ಕೇಳ್ದೆ, ಆಯ್ತಾಯ್ತು ಅಂದೆ. ಹಾಕಿ ನೋಡ್ದೆ, ಬಂತು. ಇವ್ರಿಗೂ ನಾನೇ ಹೇಳಿದ್ದು."

ನಕ್ಷೆಗಾರ ತಲೆಯ ಮೇಲೆ ಕೈಹೊತ್ತ. ಮರೆತುಹೋಗಬಾರದೆಂದು ಸದಾ ಬಾಯಲ್ಲಿರುವ ಮಾತನ್ನೇ ಅವನು ಪಾಸ್‌ವರ್ಡ್ ಮಾಡಿದ್ದ. ಅಂದು ಮಾಮನಿಗೆ ಅದನ್ನು ಹೇಳಿದ್ದು ಅವರನ್ನು ಸಾಗಹಾಕಲು.

ಮೂವರಿಗೂ ಕೈಮುಗಿದು ಮೆಟ್ಟಿಲಿನವರೆಗೆ ಬಿಟ್ಟುಬಂದ. ಅವರು ಅಲ್ಲೇ ಕೂತು ಫೋನು ನೋಡತೊಡಗಿದರು. ಇವನು ಹಲ್ಲು ಕಚ್ಚಿ, ಬದುಕಿನಲ್ಲಿ ಮೊದಲ ಸಲ, ಹೊಸ ಪಾಸ್‌ವರ್ಡಾಗಿ "ಆಗಲ್ಲ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ. ಎಂಟು ಅಕ್ಷರವಾದರೂ ಬೇಕು ಎಂದಿತು ರೂಟರ್. ಸರಿ, "ಆಗೋದೇ ಇಲ್ಲ" ಎಂದು ಬಿಗಿ ಮಾಡಿದ. ಮೆಟ್ಟಿಲ ಮೇಲೆ ಕಬಡ್ಡಿ ನಿಂತುಹೋಯಿತು. ನಡುಮನೆಯ ಕಂಪ್ಯೂಟರಿಗೆ ಹೊಸದನ್ನು ಹಾಕಿದ. ಒಳಗಿನದರ ಮುಂದೆ ಹೆಂಡತಿ ಕೂತಿದ್ದಳು.

ಆಗ ಫೋನು ಬಂತು. ಮ್ಯಾನೇಜರು!

"ನಾಲ್ಕಕ್ಕೆ ಡೈರೆಕ್ಟರೂ ಬರ್ತಿದಾರೆ. ನಕ್ಷೆ ತೋರ್ಸೋಕೆ ಆಗತ್ತಲ್ವಾ?"

"ರೀ, ಹೊಸ ಪಾಸ್‌ವರ್ಡ್ ಏನು?" ಒಳಗಿನಿಂದ ಹೆಂಡತಿ.

ಫೋನಿಗೆ ಕೈ ಅಡ್ಡ ಹಿಡಿಯುವುದು ಗಾಬರಿಯಲ್ಲಿ ಹೊಳೆಯಲಿಲ್ಲ. "ಆಗೋದೇ ಇಲ್ಲ!" ಎಂದು ಕೂಗಿದ.

"ಏನಂದ್ರಿ?" ಮ್ಯಾನೇಜರು.

"ಯಾಕಾಗಲ್ಲ? ಪಾಸ್‌ವರ್ಡ್ ತಾನೇ ಕೇಳಿದ್ದು!" ಹೆಂಡತಿ.

"ಅಯ್ಯೋ, ಎಷ್ಟು ಸಲ ಹೇಳೋದು? ಆಗೋದೇ ಇಲ್ಲ! ಆಗೋದೇ ಇಲ್ಲ!"

ಫೋನಿನಲ್ಲಿ ಮ್ಯಾನೇಜರು ಅಂದರು: "ನಿಮ್ಮ ಬಾಯಲ್ಲಿ ಇಲ್ಲ ಅನ್ನೋ ಮಾತು ಇವತ್ತೇ ಕೇಳಿದ್ದು. ಒಳ್ಳೇದಾಯ್ತು, ಕೆಲಸ ಬೇರೆಯವರಿಗೆ ಕೊಡ್ತೀನಿ." ಕಟ್.

ಮತ್ತೆ ಮತ್ತೆ ಕರೆ ಮಾಡಿದ. ಅತ್ತ ಫೋನು ಎತ್ತುವವರಿಲ್ಲ.

"ಓ, ಅದೇ ಪಾಸ್‌ವರ್ಡಾ! ಬಂತು ರೀ! ನಕ್ಷೆ ಮತ್ತೆ ಕಳಿಸಿದೀನಿ, ಬರೀ ಮೂರೇ ನಿಮಿಷ ಅಂತೆ!" ಹೆಂಡತಿ ಒಳಗೆ ಕುಣಿದಾಡುತ್ತಿದ್ದಳು.

ಅವನು ಪರದೆಯತ್ತ ನೋಡುತ್ತಿದ್ದಂತೆಯೇ ಮೂರು ಮೂವತ್ತಾಯಿತು, ಮೂವತ್ತು ಎಪ್ಪತ್ತಾಯಿತು. ಮೆಟ್ಟಿಲ ಮೇಲೆ ಕಬಡ್ಡಿ ಪುನಃ ಶುರುವಾಗಿತ್ತು. ಬಾಗಿಲಿನಿಂದ ರೇಡಿಯೋ ಮಾಮ ತಲೆ ಹಾಕಿದರು.

"ಅಷ್ಟು ಜೋರಾಗಿ ಕೂಗಿ ಹೇಳಿದ್ದು ಒಳ್ಳೇದಾಯ್ತಪ್ಪಾ, ಮೂವರಿಗೂ ಕೇಳಿಸ್ತು. ಹೊಸದನ್ನೂ ಹಾಕ್ಕೊಂಡ್ವಿ. ಪರ್ವಾಗಿಲ್ಲ ತಾನೇ?"

"ಆಯ್ತಾಯ್ತು," ಎಂದ ನಕ್ಷೆಗಾರ.