ನಕಲು ಕಂಡರಾಗದ ಜೆರಾಕ್ಸ್ ಮಾವ

ಧರ್ಮಪುರಿ ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿರುವ ನನ್ನ ಸೋದರಮಾವನಷ್ಟು ಕೆಟ್ಟ ವ್ಯಾಪಾರಿ ಈ ಜಿಲ್ಲೆಯಲ್ಲೇ ಇಲ್ಲ. ಹೊಟ್ಟೆ ತುಂಬುವುದು ನಕಲಿನಿಂದ. ಮೈ ಉರಿಯುವುದೂ ನಕಲು ಕಂಡರೇ! ಆಧಾರ್ ಕಾರ್ಡು ಕೊಟ್ಟರೆ ತಕರಾರಿಲ್ಲ. ಕಾಲೇಜಿನ ಪ್ರಾಜೆಕ್ಟ್ ಕೊಟ್ಟಿರೋ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಓದಲು ಕೂರುತ್ತಾನೆ.

ಒಮ್ಮೆ ನಾಲ್ವರು ಹುಡುಗಿಯರು ನಾಲ್ಕು ಅಸೈನ್‌ಮೆಂಟ್ ತಂದರು. ಒಳಗೆ ಒಂದೇ ಸರಕು.

"ನಾಕು ಪ್ರಿಂಟ್ ಯಾಕಮ್ಮಾ? ಒಂದುನ್ನೇ ನಾಕು ಜೆರಾಕ್ಸ್ ಆಕ್ಕೊಡ್ತೀನಿ. ಮಾರ್ಕೂ ನಾಕು ಪಾಲು ಮಾಡ್ಕಳಿ!"

ಅವರು ಎದುರಂಗಡಿಗೆ ನಡೆದರು. ಮಾವ ಗೆದ್ದವನಂತೆ ಟೀ ತರಿಸಿದ.

ಈ ಮಾತನ್ನು ಮಾವನ ಗಂಟಲಲ್ಲೇ ಆಡಿ ಕಾಲೇಜಿನಲ್ಲಿ ಚಪ್ಪಾಳೆ ಗಿಟ್ಟಿಸಿದವನು ನಾನು. ಪ್ರಿನ್ಸಿಪಾಲರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಯಾರ ದನಿಯನ್ನೂ ಬಿಟ್ಟವನಲ್ಲ. ದನಿ ಕದಿಯುವವನಿಗೆ ಪ್ರಾಜೆಕ್ಟ್ ಕದಿಯುವುದು ಕಷ್ಟವೇ? ನಮ್ಮ ಕಡೆಯ ಮೇಚೇರಿ ತಳಿಯ ಕುರಿಗಳ ಮೇಲೆ ಸೀನಿಯರೊಬ್ಬ ಇಂಗ್ಲಿಷಿನಲ್ಲಿ ಬರೆದಿದ್ದ ಅರವತ್ತು ಪುಟಕ್ಕೆ ನನ್ನ ಹೆಸರು ಅಂಟಿಸಿ, ಅಕ್ಕನ ಮಗನೆಂದು ಬಿಟ್ಟಾನು ಎಂಬ ಧೈರ್ಯದಲ್ಲಿ ಮಾವನಿಗೇ ಕೊಟ್ಟೆ. ಒಪ್ಪಿಸಲು ಉಳಿದದ್ದು ಮೂರೇ ದಿನ. ತಪ್ಪಿದರೆ ಡಿಗ್ರಿ ಇಲ್ಲ.

ಮಾವ ಅರ್ಪಣೆಯ ಪುಟದಲ್ಲೇ ನಿಂತ.

"ಲೇ, ಬಾವ ಯಾವತ್ತು ಸತ್ರು?"

"ಅಯ್ಯೋ ಮಾವ, ಅದೇನ್ ಮಾತು!"

"'ತೀರಿಕೊಂಡ ನನ್ನ ತಂದೆಗೆ' ಅಂತ ಐತಲ್ಲಾ ಇಲ್ಲಿ! ಬೆಳಗ್ಗೆ ತಾನೇ ಫೋನ್‌ನಾಗೆ ಮಾತಾಡಿದ್ರು!"

ಸೀನಿಯರಿಗೆ ಅಪ್ಪ ಇಲ್ಲವೆಂದು ನನಗೇನು ಗೊತ್ತು? ಓದಿದ್ದರಲ್ಲವೇ! ತಪ್ಪಿಸಿಕೊಳ್ಳಲು ಅಪ್ಪನ ದನಿಯಲ್ಲೇ, "ನಾನಿನ್ನೂ ಇದ್ದೀನಪ್ಪೋ!" ಎಂದೆ. ಮಾವ ನಗಲಿಲ್ಲ.

"ಉಟ್ಟಿದಾಗಿಂದ ಕುರಿ ಮೇಯ್ಸಿದೋರು ನಿಮ್ಮಪ್ಪ. ಅವುರ್ನ ಒಂದ್ ಮಾತು ಕೇಳ್ಲಿಲ್ಲ ನೀನು. ಇನ್ನೊಬ್ರ ಮನೆ ಸಾವ್ನೂ ಕಾಪಿ ಒಡ್ದೆ. ಪ್ರಿಂಟ್ ಇಲ್ಲ, ಓಗ್ಲಾ!"

ಎರಡು ದಿನ ಅಪ್ಪನ ಬೆನ್ನ ಹಿಂದೆ ಕುರಿಗಳ ನಡುವೆ, ಮೇಚೇರಿ ಸಂತೆಯಲ್ಲಿ ಅಲೆದೆ. ಹಲ್ಲು ನೋಡಿ ವಯಸ್ಸು ಹೇಳುವುದು, ಮಂದೆಯಲ್ಲಿ ಕಾಯಿಲೆಯ ಕುರಿಯನ್ನು ದೂರದಿಂದಲೇ ಗುರುತಿಸುವುದು, ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಂಡೆ. "ಇದುಕ್ಕೂ ಮಾರ್ಕ್ ಕೊಡ್ತಾರೇನ್ಲಾ?" ಎಂದು ಅಪ್ಪ ನಾಚಿಕೊಂಡ. ಅದನ್ನೇ ನನ್ನ ಇಂಗ್ಲಿಷಿನಲ್ಲಿ ಬರೆದಾಗ ಅರವತ್ತು ಪುಟ ಇಪ್ಪತ್ತಕ್ಕಿಳಿಯಿತು. ಪಾಸಾಗುವ ಭರವಸೆಯೂ ಅಷ್ಟಕ್ಕೇ!

ಮೂರನೆಯ ದಿನ ಮಾವ ಇಪ್ಪತ್ತೂ ಪುಟ ಓದಿ ಪ್ರಿಂಟ್ ಕೊಟ್ಟ. ಆಮೇಲೆ ಅರ್ಪಣೆಯ ಪುಟವೊಂದನ್ನೇ ಎತ್ತಿಕೊಂಡು, ಯಾರೂ ಕೇಳದಿದ್ದರೂ ಒಂದು ಜೆರಾಕ್ಸ್ ತೆಗೆದ. ಅಪ್ಪನಿಗೆ ಫೋನ್ ಹಚ್ಚಿ, ಇಂಗ್ಲಿಷನ್ನು ನಮ್ಮ ಮಾತಿಗೆ ತಿರುಗಿಸಿ ಓದತೊಡಗಿದ:

"ಬಾವಾ, ಕೇಳಿ. 'ಇದ್ರಾಗಿರೋದೆಲ್ಲ ನಮ್ಮಪ್ಪ ಏಳ್ಕೊಟ್ಟಿದ್ದು. ನಾನು ಬರ್ಕೊಂಡಿದ್ದು ಅಷ್ಟೇ...'"

ಕನ್ನಡಕ ತೆಗೆದು ಮಾವ ಗೋಡೆಯ ಕಡೆ ತಿರುಗಿಕೊಂಡ.

ಗೆಳೆಯರ ಮುಂದೆ ಮಾವನನ್ನು ಈಗಲೂ ಮಾಡಿ ತೋರಿಸುತ್ತೇನೆ. ಅವನು ಫೋನಿನಲ್ಲಿ ಓದಿದ ಆ ಒಂದು ಸಾಲಿಗೆ ಮಾತ್ರ ನನಗೆ ಬಾಯಿ ಬರುವುದಿಲ್ಲ.